ಕುರಿಯ ಋಣ

1988ರ ಬೇಸಿಗೆಯಲ್ಲಿ ನನಗೊಂದು ನಾಯಿ ಕಚ್ಚಿತು. ಆಗ ನನಗೆ ಒಂಬತ್ತು ವರ್ಷ. ಚಿತ್ರದುರ್ಗ ಸೀಮೆಯ ನಮ್ಮೂರಿನ ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದೆ. ಮಸೀದಿ ಓಣಿಯಲ್ಲಿ ಗೋಲಿ ಆಡುತ್ತಿದ್ದಾಗ ಜೊಲ್ಲು ಸುರಿಸುತ್ತ ಬಂದ ನಾಯಿ ನನ್ನ ಕಾಲಿಗೆ ಬಾಯಿ ಹಾಕಿತು. ಮುಂದೆ ಹೋಗಿ ಎರಡು ಎಮ್ಮೆಗಳನ್ನೂ ಕಚ್ಚಿ, ಮರುದಿನ ಕೆರೆಯ ಏರಿಯ ಮೇಲೆ ಸತ್ತು ಬಿದ್ದಿತ್ತು. ಅಮ್ಮಿ ನನ್ನನ್ನು ದಿನಾ ಬೆಳಗಿನ ಮೊದಲ ಬಸ್ಸಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಹದಿನಾಲ್ಕು ದಿನ, ಹದಿನಾಲ್ಕು ಸೂಜಿ, ಎಲ್ಲವೂ ಹೊಕ್ಕಳಿನ ಸುತ್ತ. ನನ್ನ ವಯಸ್ಸಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಐದನೆಯ ದಿನವೋ ಆರನೆಯ ದಿನವೋ ನಾನು ಮಂಚದ ಕಂಬಿ ಹಿಡಿದು ಅರಚುತ್ತಿದ್ದೆ. ವಯಸ್ಸಾದ ಕಾಂಪೌಂಡರ್ ನನ್ನ ತಲೆ ಸವರಿ, "ಸುಮ್ನಿರಪ್ಪಾ, ನಿನಗೆ ಬರೀ ಸೂಜಿ. ಈ ಔಷಧಿಗೋಸ್ಕರ ಕುರಿ ಜೀವಾನೇ ಕೊಟ್ಟೈತೆ" ಎಂದರು. ಕುರಿಯ ಮಿದುಳಿನಿಂದ ಇದನ್ನು ತಯಾರಿಸುತ್ತಾರೆ ಎಂದು ಅಮ್ಮಿಗೆ ತಿಳಿಸಿ ಹೇಳಿದರು. ಅಮ್ಮಿ ಮನೆಗೆ ಬಂದು ಅದನ್ನು ದಾದಿಗೆ ಹೇಳಿದಳು. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕುರಿಗೆ ಬಿಸ್ಮಿಲ್ಲಾ ಹೇಳಿದವರು ಯಾರು?" ಎಂದು ಕೇಳಿದಳು.

ಅವಳಿಗೆ ಹಲಾಲ್ ಹರಾಮಿನ ಚಿಂತೆ ಎಂದು ಎಲ್ಲರೂ ತಿಳಿದರು. ಪ್ರಾಣ ಹೋಗುವ ಹೊತ್ತಿನಲ್ಲಿ ಔಷಧಿಗೆ ಅದೆಲ್ಲ ಅಡ್ಡಿಯಿಲ್ಲ ಎಂದು ಅಬ್ಬಾ ಸಮಾಧಾನ ಹೇಳಿದರು. "ನಾನು ಅದನ್ನು ಕೇಳಲಿಲ್ಲ ಮಗಾ" ಎಂದು ದಾದಿ ತಸ್ಬೀಹ್ ಕೈಗೆತ್ತಿಕೊಂಡಳು. ಅವಳು ಕೇಳಿದ್ದು ಏನೆಂದು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು.

ಬಿಸ್ಮಿಲ್ಲಾ ಎಂದರೆ ಬರೀ ಒಂದು ಮಾತಲ್ಲ. ಈ ಜೀವ ನನ್ನದಲ್ಲ, ಇದರ ಒಡೆಯ ಬೇರೊಬ್ಬನಿದ್ದಾನೆ, ಅವನ ಹೆಸರಿನಲ್ಲಿ ಮಾತ್ರ ನಾನಿದನ್ನು ಮುಟ್ಟುತ್ತಿದ್ದೇನೆ, ನಾಳೆ ಲೆಕ್ಕ ಕೊಡಬೇಕಾದವನೂ ನಾನೇ ಎಂಬ ಒಪ್ಪಿಗೆ ಅದು. ನನಗಾಗಿ ಸತ್ತ ಆ ಕುರಿಯ ಲೆಕ್ಕವನ್ನು ಹೊತ್ತುಕೊಂಡವರು ಯಾರು ಎಂಬುದೇ ದಾದಿಯ ಪ್ರಶ್ನೆಯಾಗಿತ್ತು.

ಆ ಔಷಧಿಯ ಕಥೆಯನ್ನು ಮುಂದೆ ಓದಿ ತಿಳಿದೆ. 1885ರ ಜುಲೈಯಲ್ಲಿ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಟ್ಟರು. ಅದನ್ನು ರೋಗ ತಗಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಲಾಗಿತ್ತು. ಅದಕ್ಕೂ ಮೊದಲು ನಾಯಿಗಳ ಮೇಲೆ ಪ್ರಯೋಗ ನಡೆದಿತ್ತು. 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ವೈದ್ಯರು ಇನ್ನೊಂದು ವಿಧಾನ ರೂಪಿಸಿದರು. ಆರೋಗ್ಯವಂತ ಕುರಿಯ ಮಿದುಳಿಗೆ ರೋಗಾಣು ಸೇರಿಸುವುದು, ಅದಕ್ಕೆ ಲಕ್ವ ಹೊಡೆಯುವವರೆಗೆ ಕಾಯುವುದು, ಆಮೇಲೆ ಕೊಂದು ಮಿದುಳನ್ನು ಅರೆದು, ಫೀನಾಲ್ ಬೆರೆಸಿ ರೋಗಾಣುವಿನ ಶಕ್ತಿ ಕುಂದಿಸುವುದು. ಊಟಿಯ ಪಕ್ಕದ ಕುನೂರಿನ ಪಾಶ್ಚರ್ ಸಂಸ್ಥೆಯಲ್ಲೂ ದಶಕಗಳ ಕಾಲ ಕುರಿಯ ಮಿದುಳಿನಿಂದಲೇ ಲಸಿಕೆ ತಯಾರಾಯಿತು.

ಇದನ್ನು ಒಮ್ಮೆ ಗೆಳೆಯರೊಬ್ಬರ ಬಳಿ ಹೇಳಿಕೊಂಡಾಗ ಅವರು ನಕ್ಕು, "ಬಕ್ರೀದ್ ದಿನ ಕುರಿ ಕೊಯ್ಯುವ ನಿಮಗೆ ಈ ಕುರಿಯ ಮೇಲೆ ಯಾಕೆ ಇಷ್ಟು ಕರುಣೆ ಸಾಹೇಬರೇ?" ಎಂದರು. ತಮಾಷೆಯಾದರೂ ಪ್ರಶ್ನೆ ನ್ಯಾಯವಾದದ್ದೇ. ಹಿಂಸೆ ಇಲ್ಲದ ಬದುಕು ನನ್ನದಲ್ಲ. ಆದರೆ ಕೊಲ್ಲಲು ಅನುಮತಿ ಕೊಟ್ಟ ಧರ್ಮವೇ ಕೊಲ್ಲುವವನ ಕೈಗೆ ಕಟ್ಟುಪಾಡುಗಳನ್ನೂ ಹಾಕಿದೆ. ಪ್ರಾಣಿಯ ಕಣ್ಣೆದುರಿಗೆ ಚೂರಿ ಮಸೆಯಬಾರದು, ನೋವು ಎಳೆಯಬಾರದು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ನರಕಕ್ಕೆ ಹೋದಳೆಂದೂ, ಬಾಯಾರಿದ ನಾಯಿಗೆ ನೀರು ಕುಡಿಸಿದವನ ಪಾಪ ಮನ್ನಾ ಆಯಿತೆಂದೂ ಪ್ರವಾದಿ(ಸ) ಹೇಳಿದ್ದನ್ನು ನಾವು ಮದರಸದ ಮಣೆಯ ಮೇಲೆ ಕುಳಿತು ಕಲಿತಿದ್ದೇವೆ. ಕುರ್ಬಾನಿಯ ದಿನ ಇವನ್ನೆಲ್ಲ ಮರೆಯುವವರು ನಮ್ಮಲ್ಲೂ ಇದ್ದಾರೆ. ಆದ್ದರಿಂದ ಪ್ರಯೋಗಾಲಯದ ಕಡೆ ಬೆರಳು ತೋರಿಸುವ ಮೊದಲು ನನ್ನ ಅಂಗಳವನ್ನೂ ನಾನು ನೋಡಿಕೊಳ್ಳಬೇಕು.

ಉರ್ದು ಓದಿದವರಿಗೆ 'ಇಖ್ವಾನುಸ್ಸಫಾ' ಪುಸ್ತಕದ ಹೆಸರು ಗೊತ್ತಿರಬಹುದು. ಹತ್ತನೆಯ ಶತಮಾನದಲ್ಲಿ ಬಸ್ರಾದ ವಿದ್ವಾಂಸರ ಬಳಗವೊಂದು ಅರಬಿಯಲ್ಲಿ ಬರೆದ ಕಥೆಯನ್ನು ಮೌಲವಿ ಇಕ್ರಾಮ್ ಅಲಿ 1810ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಉರ್ದುವಿಗೆ ತಂದರು. ಅದರಲ್ಲಿ ಪ್ರಾಣಿಗಳು ಜಿನ್ನ್‌ಗಳ ರಾಜನ ಬಳಿ ಮನುಷ್ಯರ ಮೇಲೆ ದಾವೆ ಹೂಡುತ್ತವೆ. ನಮ್ಮ ರೂಪ ಚೆನ್ನ, ಬುದ್ಧಿ ದೊಡ್ಡದು, ಕಸುಬುಗಳು ಹೆಚ್ಚು ಎಂದು ಮನುಷ್ಯರು ವಾದಿಸುತ್ತಾರೆ. ಪ್ರತಿಯೊಂದು ವಾದಕ್ಕೂ ಪ್ರಾಣಿಗಳು ಉತ್ತರ ಕೊಡುತ್ತವೆ. ಕೊನೆಗೆ ಮನುಷ್ಯನ ಕೈಹಿಡಿಯುವುದು ಅವನ ಬುದ್ಧಿಯಲ್ಲ. ಸತ್ತ ಮೇಲೆ ಅವನು ದೇವರೆದುರು ನಿಂತು ತನ್ನ ಕರ್ಮಗಳಿಗೆ ಉತ್ತರ ಕೊಡಬೇಕಾದವನು ಎಂಬ ಒಂದೇ ಮಾತು. ಅಂದರೆ ನಮ್ಮ ಹಿರಿಮೆ ಇರುವುದು ಹಕ್ಕಿನಲ್ಲಲ್ಲ, ಹೊಣೆಯಲ್ಲಿ. ನಾನು ಆ ಕಥೆಯನ್ನು ಓದಿಕೊಂಡದ್ದು ಹೀಗೆ.

ಅಬ್ಬಾ ಅಂದು ಹೇಳಿದ್ದೂ ತಪ್ಪಲ್ಲ. ಜರೂರತ್ ಬಂದಾಗ ನಿಷಿದ್ಧವಾದದ್ದೂ ಅನುಮತಿಯಾಗುತ್ತದೆ ಎಂಬುದು ಇಸ್ಲಾಮಿ ನ್ಯಾಯಶಾಸ್ತ್ರದ ಪ್ರಸಿದ್ಧ ಸೂತ್ರ. ಅದರ ಜೊತೆಗೇ ಬರುವ ಇನ್ನೊಂದು ಸೂತ್ರವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಜರೂರತ್ ಎಷ್ಟೋ ಅನುಮತಿಯೂ ಅಷ್ಟೇ, ಅದು ಮುಗಿದ ದಿನ ಅನುಮತಿಯೂ ಮುಗಿಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದ ವಿಚಾರದಲ್ಲಿ ನಮ್ಮ ಪರೀಕ್ಷೆ ಇರುವುದು ಈ ಎರಡನೆಯ ಸೂತ್ರದಲ್ಲಿ.

ನನ್ನ ಕುರಿಯನ್ನೇ ತೆಗೆದುಕೊಳ್ಳಿ. ಮಿದುಳಿನ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುವ ಲಸಿಕೆ 1970ರ ದಶಕದಲ್ಲೇ ಬಂದಿತ್ತು. ಹಳೆಯ ಲಸಿಕೆಯನ್ನು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಹೇಳಿತು. ನಮ್ಮ ದೇಶ ಅದನ್ನು ನಿಲ್ಲಿಸಿದ್ದು 2004ರ ಕೊನೆಗೆ. ಅಲ್ಲಿಯವರೆಗೆ ದುಡ್ಡಿದ್ದವರು ಹೊಸ ಲಸಿಕೆಯನ್ನು ಅಂಗಡಿಯಲ್ಲಿ ಕೊಂಡರು. ಬಡವರ ಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲಿ ಹೊಟ್ಟೆ ಒಡ್ಡಿದರು. ಆ ಮದ್ದಿನಲ್ಲಿದ್ದ ಮಿದುಳಿನ ಅಂಶದಿಂದಲೇ ಕೆಲವರಿಗೆ ಲಕ್ವ ಹೊಡೆದದ್ದೂ ಉಂಟು. ಅಷ್ಟು ವರ್ಷ ಕುರಿಗಳು ಸತ್ತದ್ದು ವಿಜ್ಞಾನಕ್ಕೆ ಬೇರೆ ದಾರಿ ಇರಲಿಲ್ಲವೆಂದಲ್ಲ. ಆ ದಾರಿಗೆ ದುಡ್ಡು ಖರ್ಚಾಗುತ್ತಿತ್ತು, ಮತ್ತು ಸರದಿಯಲ್ಲಿ ನಿಂತಿದ್ದವರು ಬಡವರಾಗಿದ್ದರು. ಕುರಿಯ ಜೀವ ಅಗ್ಗವಾದಲ್ಲಿ ಬಡವನ ಹೊಟ್ಟೆಯೂ ಅಗ್ಗವೇ. ಇದು ನನ್ನ ಹೊಟ್ಟೆ ಕಲಿಸಿದ ಪಾಠ.

ಇಂದಿನ ರೇಬೀಸ್ ಲಸಿಕೆಗಳಲ್ಲಿ ಅನೇಕವನ್ನು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಸುತ್ತಾರೆ. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಕೋಶಗಳ ಸಂತತಿ ಅದು. ಇಷ್ಟು ವರ್ಷಗಳಾದರೂ ಬೆಳೆಯುತ್ತಲೇ ಇದೆ. ಆದರೂ ಲೆಕ್ಕ ಚುಕ್ತಾ ಆಗಿಲ್ಲ. ತಯಾರಾದ ಲಸಿಕೆಗೆ ಕಸುವಿದೆಯೇ ಎಂದು ನೋಡಲು ಬಿಳಿ ಇಲಿಗಳಿಗೆ ಅದನ್ನು ಕೊಟ್ಟು, ಆಮೇಲೆ ಮಿದುಳಿಗೆ ರೋಗಾಣು ಚುಚ್ಚಿ, ಸತ್ತವೆಷ್ಟು ಉಳಿದವೆಷ್ಟು ಎಂದು ಎಣಿಸುವ ವಿಧಾನ ದಶಕಗಳಿಂದ ನಡೆದುಬಂದಿದೆ. ಲಸಿಕೆಯಲ್ಲಿರುವ ಮುಖ್ಯ ಪ್ರೋಟೀನನ್ನು ನೇರವಾಗಿ ಅಳೆಯುವ ಬೇರೆ ಪರೀಕ್ಷೆಗಳನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ.

ದಾರಿ ತೋರಿದವರು ವಿಜ್ಞಾನಿಗಳಲ್ಲೇ ಇದ್ದಾರೆ ಎಂಬುದನ್ನು ಮರೆಯಬಾರದು. ಪ್ರಾಣಿಯ ಬದಲು ಬೇರೆ ವಿಧಾನ ಬಳಸಿ, ಆಗದಿದ್ದರೆ ಸಂಖ್ಯೆ ಕಡಿಮೆ ಮಾಡಿ, ಅದೂ ಆಗದಿದ್ದರೆ ನೋವನ್ನಾದರೂ ತಗ್ಗಿಸಿ ಎಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲೇ ಬರೆದರು. ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕೆಂಬ ಆಶಯ ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಇದೆ. ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಿಗಳ ಪರೀಕ್ಷೆಗೆ ಪ್ರಾಣಿಗಳಿಲ್ಲದ ವಿಧಾನಗಳನ್ನೂ ಒಪ್ಪಬಹುದೆಂದು 2023ರಲ್ಲಿ ನಿಯಮ ತಿದ್ದಿತು.

ಪ್ರಾಣಿಗಳ ಮೇಲಿನ ಎಲ್ಲ ಪ್ರಯೋಗಗಳೂ ಇಂದೇ ನಿಲ್ಲಲಿ ಎನ್ನುವವರ ಜೊತೆ ನನ್ನ ಮನಸ್ಸಿದೆ, ನಾಲಿಗೆ ಏಳುವುದಿಲ್ಲ. ಹುಚ್ಚುನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಓಡುವ ತಾಯಿಗೆ ನಾನು ಆ ಮಾತು ಹೇಳಲಾರೆ. ನಾನು ಬದುಕಿರುವುದೇ ಕುರಿಯ ಋಣದಲ್ಲಿ. ಹಾಗೆಂದು 'ಪ್ರಾಣಿ ತಾನೇ' ಎಂದು ಕೈ ಒರೆಸಿಕೊಳ್ಳುವವರ ಜೊತೆ ನಿಲ್ಲಲೂ ಆರೆ. ಜೀವ ಉಳಿಸಿಕೊಂಡವನಿಗೆ ಆ ಮಾತಿನ ಹಕ್ಕು ಎಲ್ಲರಿಗಿಂತ ಕಡಿಮೆ. ಋಣ ಇರುವವನು ಮಾಡಬೇಕಾದದ್ದು ಒಂದೇ. ಇದು ಇನ್ನೂ ಬೇಕೇ, ಯಾರಿಗೆ ಬೇಕು, ಎಷ್ಟು ಬೇಕು ಎಂದು ಕೇಳುತ್ತಲೇ ಇರಬೇಕು. ಬೇರೆ ದಾರಿ ತೆರೆದ ದಿನ, ದುಬಾರಿಯಾದರೂ ಆ ದಾರಿ ಹಿಡಿಯಬೇಕು. ಅದರ ಖರ್ಚನ್ನು ಬಡವನ ತಲೆಗೆ ಕಟ್ಟಬಾರದು.

ಕಳೆದ ವರ್ಷ ನನ್ನ ಮಗಳನ್ನು ಬೀದಿನಾಯಿಯೊಂದು ಕಚ್ಚಿತು. ನಾಲ್ಕು ದಿನ ಆಸ್ಪತ್ರೆಗೆ ಹೋಗಿ ತೋಳಿಗೆ ಚುಚ್ಚಿಸಿಕೊಂಡಳು, ಅಳಲಿಲ್ಲ. ವಾಪಸು ಬರುವಾಗ ಅವಳಿಗೆ ಕುರಿಯ ಕಥೆ ಹೇಳಿದೆ. ಮುತ್ತಜ್ಜಿಯ ಪ್ರಶ್ನೆಯನ್ನೂ ಹೇಳಿದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, "ಅಬ್ಬಾ, ಈಗ ನಾವು ಹೇಳಬಹುದಲ್ಲ?" ಎಂದಳು.

ಹೇಳಬಹುದು. ಆದರೆ ಹೇಳಿದ ಮೇಲೆ ಲೆಕ್ಕ ನಮ್ಮದಾಗುತ್ತದೆ.