ಕಾಣದ ಗೆರೆ, ಇಲ್ಲದ ಗರ್ಭ

ಗರ್ಭಪರೀಕ್ಷೆಯ ಕಿಟ್ಟಿನಲ್ಲಿ ‘ಸಿ’ ಅಕ್ಷರದ ಬಳಿ ಗೆರೆ ಮೂಡಲೇಬೇಕು. ಮೂಡದಿದ್ದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ತೊಡಕಿರುವುದು ‘ಟಿ’ ಬಳಿಯ ಗೆರೆಯಲ್ಲಿ. ಅದು ಕಾಣಲಿಲ್ಲವೆಂದರೆ ಗರ್ಭ ಇಲ್ಲವೆಂದೇ? ಕಾಣದಿರುವುದರಿಂದ ಇಲ್ಲದಿರುವುದು ಸಿದ್ಧವಾಗುತ್ತದೆಯೇ ಎಂಬುದು ಭಾರತೀಯ ದರ್ಶನಗಳ ಹಳೆಯ ವಾದ.

ಕುಮಾರಿಲ ಭಟ್ಟನ ಮೀಮಾಂಸೆಯೂ ಅದ್ವೈತವೂ ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನು, ಬೇರೆಯೇ ಒಂದು ಪ್ರಮಾಣವೆಂದು, ಅರಿವಿನ ಸಾಧನವೆಂದು ಎಣಿಸಿದವು. ನೈಯಾಯಿಕರು ಒಪ್ಪಲಿಲ್ಲ, ಪ್ರಮಾಣಗಳು ಮೂರೇ ಎಂದ ಉಡುಪಿಯ ಮಧ್ವರ ಮತವೂ ಒಪ್ಪಲಿಲ್ಲ. ಲೆಕ್ಕ ಹೇಗೇ ಇರಲಿ, ಒಂದು ಷರತ್ತನ್ನು ಬಿಡುವಂತಿಲ್ಲ: ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವುದಕ್ಕೆ ಬೆಲೆ. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ, ಕತ್ತಲಲ್ಲಿ ಹಾಗೆನ್ನಲಾಗದು. ‘ನ್ಯಾಯಕುಸುಮಾಂಜಲಿ’ಯಲ್ಲಿ ನೈಯಾಯಿಕ ಉದಯನ ಇದನ್ನೇ ಹಿಡಿದು, ಕಂಡದ್ದನ್ನಷ್ಟೇ ನಂಬುವ ಚಾರ್ವಾಕನನ್ನು ಗೇಲಿ ಮಾಡುತ್ತಾನೆ: ಕಾಣದ್ದೆಲ್ಲ ಇಲ್ಲವಾದರೆ, ಮನೆಯಿಂದ ಹೊರಬಿದ್ದ ಚಾರ್ವಾಕ ಹೆಂಡತಿ ಮಕ್ಕಳು ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕಾದೀತು.

ಅವಸರದ ‘ನೆಗೆಟಿವ್’ ಈ ಚಾರ್ವಾಕನ ಅಳುವಿನ ಜಾತಿಯದೇ. ಅಂಡ ಬಿಡುಗಡೆಯಾದ 6ರಿಂದ 12 ದಿನಗಳಲ್ಲಿ ಭ್ರೂಣ ಗರ್ಭಕೋಶದ ಗೋಡೆಗೆ ಅಂಟುತ್ತದೆ. ಕಿಟ್ಟು ಹುಡುಕುವ ಎಚ್‌ಸಿಜಿ ಹಾರ್ಮೋನು ತಾಯಿಯ ರಕ್ತ ಸೇರುವುದು ಆಮೇಲೆ. ಮೊದಮೊದಲು ಅದು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅನೇಕ ಕಿಟ್‌ಗಳಿಗೆ ಲೀಟರಿಗೆ ಸುಮಾರು 25 ಯೂನಿಟ್ ಇದ್ದರಷ್ಟೇ ಗುರುತು ಸಿಗುತ್ತದೆ. ಮುಟ್ಟಿನ ದಿನ ಬರುವ ಮೊದಲೇ, ಅದೂ ಚೆನ್ನಾಗಿ ನೀರು ಕುಡಿದು ಪರೀಕ್ಷಿಸಿದರೆ, ಗರ್ಭವಿದ್ದೂ ಗೆರೆ ಕಾಣದಿರಬಹುದು. ಎರಡು ಮೂರು ದಿನ ಬಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡುವುದೇ ಸರಿ.

ಮಸುಕು ಗೆರೆಯ ಕಥೆ ಬೇರೆ. ನ್ಯಾಯಸೂತ್ರ (1.1.23) ಸಂಶಯದ ಕಾರಣಗಳಲ್ಲಿ ಮೊದಲು ಹೇಳುವುದು ಸಮಾನಧರ್ಮವನ್ನು: ಮುಸ್ಸಂಜೆಯಲ್ಲಿ ಕಂಡ ನೀಳ ಆಕಾರ ಕಂಬವೋ, ಮನುಷ್ಯನೋ? ಕೈಯೋ ಕಾಲೋ ಕಂಡರೆ, ಅಂದರೆ ವಿಶೇಷ ಲಕ್ಷಣ ಸಿಕ್ಕರೆ, ಸಂಶಯ ಕಳೆಯಿತು. ಇಲ್ಲಿ ಆ ಲಕ್ಷಣ ಬಣ್ಣ ಮತ್ತು ವೇಳೆ. ಪೊಟ್ಟಣದ ಮೇಲೆ ಹೇಳಿದ ಕೆಲವೇ ನಿಮಿಷಗಳೊಳಗೆ ಮೂಡಿದ, ಬಣ್ಣವುಳ್ಳ ಗೆರೆ ಎಷ್ಟೇ ತೆಳುವಾಗಿರಲಿ, ಸಾಮಾನ್ಯವಾಗಿ ಪಾಸಿಟಿವ್. ಕಸದ ಬುಟ್ಟಿಯಿಂದ ಮತ್ತೆ ತೆಗೆದು ನೋಡಿದಾಗ ಸಿಗುವ ಬೂದು ಗೆರೆ ಮೂತ್ರ ಒಣಗಿ ಉಳಿದ ಗುರುತಷ್ಟೇ ಆಗಿರಬಹುದು.

ಪಾಸಿಟಿವ್ ಬಂದರೂ ಕಣ್ಣಿಗೆ ಕಂಡದ್ದು ಗೆರೆ. ಗರ್ಭ ಅನುಮಾನದಿಂದ, ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ತಿಳಿದದ್ದು. ಆದರೆ ಬೆಂಕಿ ಆರಿದ ಮೇಲೂ ಹೊಗೆ ಸುಳಿದಾಡುವುದುಂಟು. ಗರ್ಭಪಾತದ ನಂತರ ಕೆಲವು ವಾರ ಹಾರ್ಮೋನು ಉಳಿಯುತ್ತದೆ. ಬಂಜೆತನದ ಚಿಕಿತ್ಸೆಯಲ್ಲಿ ಕೊಡುವ ಎಚ್‌ಸಿಜಿ ಚುಚ್ಚುಮದ್ದೂ ಗೆರೆ ತರಿಸುತ್ತದೆ. ಇಂದು ಕಂಡ ಗೆರೆ ವಾರದೊಳಗೆ ಮಾಯವಾದರೆ ಮೊದಲ ಫಲಿತಾಂಶ ಸುಳ್ಳೆನ್ನುವಂತಿಲ್ಲ. ಗರ್ಭ ಕಟ್ಟಿ, ನಿಲ್ಲದೆ ಹೋಗಿರಬಹುದು. ಆಗ ಎರಡೂ ನಿಜ. 48 ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡುವ ರಕ್ತಪರೀಕ್ಷೆ ಹಾರ್ಮೋನು ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುತ್ತದೆ.

ಏನೂ ತಿಳಿಯದ ವಿಷಯದಲ್ಲೂ ಅಲ್ಲ, ನಿರ್ಣಯವಾದದ್ದರಲ್ಲೂ ಅಲ್ಲ, ಸಂಶಯವಿರುವಲ್ಲಿಯೇ ನ್ಯಾಯಕ್ಕೆ ಕೆಲಸ ಎಂದ, ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ. ಆದರೆ ಎಲ್ಲ ಸಂಶಯಕ್ಕೂ ಕಾಯುವ ಬಿಡುವಿರುವುದಿಲ್ಲ. ಗರ್ಭಕೋಶದ ಹೊರಗೆ, ನಾಳದಲ್ಲಿ ಕಟ್ಟಿದ ಗರ್ಭವೂ ಮಸುಕು ಗೆರೆಯನ್ನೇ ತೋರಿಸಬಹುದು. ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಗೆರೆ ಏನೇ ಹೇಳಲಿ, ಆಗಲೇ ಆಸ್ಪತ್ರೆಗೆ ಹೋಗಬೇಕು.