ಎಳೆಯ ದ್ರಾಕ್ಷಾಮದ್ಯವೂ ರುಚಿಯ ತೀರ್ಪೂ

ಇನ್ನೂ ಮಾಗದಿರುವ ವಸ್ತುವಿನ ಗುಣವನ್ನು ಅದು ಮಾಗುವುದಕ್ಕೆ ಮೊದಲೇ ತಿಳಿಯುವುದು ಸಾಧ್ಯವೆ? ಸಾಧ್ಯವಾದರೆ, ಅಂತಹ ತೀರ್ಪನ್ನು ಕೊಡತಕ್ಕವನಲ್ಲಿ ಯಾವ ಗುಣಗಳಿರಬೇಕು? ಈ ಪ್ರಶ್ನೆಯು ತಾರ್ಕಿಕರಿಗೆ ಮಾತ್ರವೇ ಸೇರಿದುದಲ್ಲ. ಮಕ್ಕಳನ್ನು ಓದಿಸುವ ತಂದೆತಾಯಿಗಳೂ, ಪಾಠ ಹೇಳುವ ಉಪಾಧ್ಯಾಯರೂ, ತೋಟದಲ್ಲಿ ಗೊನೆಯನ್ನು ನೋಡಿ ಕೊಯ್ಲನ್ನು ನಿಶ್ಚಯಿಸುವ ರೈತರೂ ದಿನದಿನವೂ ಇಂತಹ ತೀರ್ಪನ್ನು ಕೊಡುತ್ತಲೇ ಇರುವರು. ಆದರೆ ಇದನ್ನೇ ಒಂದು ವಿದ್ಯೆಯಾಗಿ ಬೆಳೆಯಿಸಿರುವ ಸ್ಥಳವೊಂದು ಫ್ರಾನ್ಸ್ ದೇಶದಲ್ಲಿದೆ. ಅದು ಬೋರ್ಡೋ ಎಂಬ ಪ್ರಾಂತ. ಅಲ್ಲಿ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯಿಂದ ಮಾಡಿದ ಕೆಂಪು ಮದ್ಯವನ್ನು ಮುಂದಿನ ವಸಂತದಲ್ಲಿಯೇ, ಅದು ಇನ್ನೂ ಓಕ್ ಮರದ ಪೀಪಾಯಿಯಲ್ಲಿರುವಾಗಲೇ, ಪರೀಕ್ಷಕರು ರುಚಿ ನೋಡಿ ಅದರ ಯೋಗ್ಯತೆಯನ್ನು ಹೇಳುವರು. ಆ ಮಾತನ್ನು ನಂಬಿ ವರ್ತಕರು ಹಣ ಕೊಡುವರು. ಸೀಸೆಯು ಕೈಗೆ ಬರುವುದಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ಉತ್ತಮವಾದುದು ಪೂರ್ಣವಾಗಿ ಮಾಗುವುದಕ್ಕೆ ಹತ್ತಿಪ್ಪತ್ತು ವರ್ಷಗಳೂ ಹಿಡಿಯಬಹುದು.

ಮದ್ಯದ ದೃಷ್ಟಾಂತವನ್ನು ಎತ್ತಿದೊಡನೆ ಸದ್ಗೃಹಸ್ಥರು ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. 1939ರಲ್ಲಿ ತುರುವನೂರಿನಲ್ಲಿ ಹೆಂಡದ ಮೂಲವಾದ ಈಚಲುಮರಗಳನ್ನೇ ಕಡಿದು ಸತ್ಯಾಗ್ರಹ ನಡೆಸಿದ ಜಿಲ್ಲೆ ಇದು. ಕುಡಿತದಿಂದ ಹಾಳಾದ ಮನೆಗಳನ್ನು ಕಾಣದ ಊರು ಚಿತ್ರದುರ್ಗದಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ ಇರಲಾರದು. ಆದರೆ ಇಲ್ಲಿ ವಿಚಾರಿಸತಕ್ಕದ್ದು ಪಾನವನ್ನಲ್ಲ, ಪರೀಕ್ಷೆಯನ್ನು. ಬೋರ್ಡೋವಿನ ಪರೀಕ್ಷಕನು ರುಚಿ ನೋಡಿದುದನ್ನು ನುಂಗುವುದಿಲ್ಲ. ಪಕ್ಕದಲ್ಲಿರುವ ಪೀಕದಾನಿಗೆ ಉಗುಳಿಬಿಡುವನು. ದಿನಕ್ಕೆ ಹತ್ತಾರು ಬಗೆಗಳನ್ನು ಪರೀಕ್ಷಿಸುವವನು ಎಲ್ಲವನ್ನೂ ನುಂಗಿದರೆ ಮಧ್ಯಾಹ್ನದೊಳಗಾಗಿ ಅವನ ವಿವೇಕವೇ ಮುಳುಗಿಹೋಗುವುದು. ಭೋಗಿಸಬೇಕೆಂಬ ಆಸೆಯುಳ್ಳವನು ತೀರ್ಪುಗಾರನಾಗಲಾರನೆಂಬ ನೀತಿಯು ಮದ್ಯದ ಅಂಗಳದಲ್ಲಿಯೇ ಹೀಗೆ ಸಿದ್ಧವಾಗಿರುವುದು ಆಶ್ಚರ್ಯಕರವಾಗಿದೆ.

ಪರೀಕ್ಷೆಯ ಕ್ರಮ ಹೀಗಿದೆ. ಮೊದಲು ಗಾಜಿನ ಬಟ್ಟಲನ್ನು ಓರೆಮಾಡಿ ಬಣ್ಣವನ್ನು ನೋಡುವರು. ಎಳೆಯ ಮದ್ಯದ ಅಂಚು ನೇರಳೆಯ ಛಾಯೆಯದು. ವಯಸ್ಸಾದಂತೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು. ಬಳಿಕ ಬಟ್ಟಲನ್ನು ಮೆಲ್ಲನೆ ಸುತ್ತಿಸಿ ಪರಿಮಳವನ್ನು ಗ್ರಹಿಸುವರು. ಕೊನೆಗೆ ಒಂದು ಗುಟುಕನ್ನು ಬಾಯಿಯಲ್ಲಿ ಹೊರಳಿಸುವರು. ಆಗ ನಾಲಗೆಗೂ ಒಸಡಿಗೂ ಮುಖ್ಯವಾಗಿ ತಗಲುವುದು ಮಾಧುರ್ಯವಲ್ಲ, ಒಗರು. ಬಾಯಿ ಒಣಗಿದಂತಾಗಿ ನಾಲಗೆ ಒರಟಾಗುವುದು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಪೀಪಾಯಿಯ ಮರದಿಂದಲೂ ಇಳಿದ ಟ್ಯಾನಿನ್ ಎಂಬ ದ್ರವ್ಯವು ಜೊಲ್ಲಿನಲ್ಲಿರುವ ಸಾರದೊಡನೆ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಅಭ್ಯಾಸವಿಲ್ಲದವನು ಇದನ್ನು ದೋಷವೆಂದೇ ಎಣಿಸುವನು. ಬಲ್ಲವನಾದರೋ, ಈ ಒಗರೇ ಮದ್ಯವನ್ನು ಕಾಲದ ಏಟಿನಿಂದ ಕಾಪಾಡುವ ಕವಚಗಳಲ್ಲಿ ಒಂದೆಂದು ಅರಿತಿರುವನು. ವರ್ಷಗಳು ಕಳೆದಂತೆ ಅದು ಮೃದುವಾಗಿ, ಒಳಗಿನ ರಸವು ಹೊರಗೆ ಕಾಣಿಸಿಕೊಳ್ಳುವುದು.

ಈ ಮಾತು ಅಡಿಕೆಯ ಸೀಮೆಯವರಿಗೆ ಹೊಸದಾಗಿರಲಾರದು. ಹೊಳಲ್ಕೆರೆಯ ತೋಟಗಳಲ್ಲಿ ಅಡಿಕೆಯನ್ನು ಹಣ್ಣಾಗುವುದಕ್ಕೆ ಮೊದಲೇ, ಎಳೆಯದಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸುವರು. ಅಡಿಕೆಯ ಒಗರೂ ಟ್ಯಾನಿನ್ನಿನದೇ. ಎಳೆಯ ಕಾಯಿಯಲ್ಲಿ ಅದು ಹೆಚ್ಚು, ಮಾಗಿದಂತೆ ಕಡಮೆ. ಹಸಿಯ ಕಾಯನ್ನು ಕಚ್ಚಿದವನು ಮುಖ ಕಿವುಚಿಕೊಳ್ಳುವನು. ಆದರೂ ಭೀಮಸಮುದ್ರದ ವ್ಯಾಪಾರಿಯು ಬೆಲೆ ಕಟ್ಟುವುದು ಆ ಎಳೆತನವನ್ನೇ ಹಿಡಿದಿಟ್ಟ ಸರಕಿಗೆ. ಗೊನೆ ಅತಿ ಎಳೆಯದಾದರೆ ಕಾಯಿ ಸುಕ್ಕಿ ತೂಕ ತಗ್ಗುವುದು, ಬಲಿತುಹೋದರೆ ಗೋಟಾಗುವುದು. ಮರದ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ ‘ಇದು ಈಗ, ಅದು ಇನ್ನು ಹದಿನೈದು ದಿನಕ್ಕೆ’ ಎಂದು ಹೇಳುವ ಕೊಯ್ಲುಗಾರನ ಕಣ್ಣಿಗೂ ಬೋರ್ಡೋವಿನ ನಾಲಗೆಗೂ ಜಾತಿಭೇದವಿಲ್ಲ.

ಪ್ರಾಚೀನ ವೈದ್ಯಶಾಸ್ತ್ರವೂ ಈ ವಿಷಯವನ್ನು ಬಿಟ್ಟಿಲ್ಲ. ದ್ರಾಕ್ಷಿಯ ಮದ್ಯಕ್ಕೆ ಮಾರ್ದ್ವೀಕವೆಂಬ ಹೆಸರಿದ್ದಿತು. ಹೊಸ ಮದ್ಯವು ಗುರುವಾದುದು, ದೋಷಗಳನ್ನು ಕೆರಳಿಸುವುದು; ಹಳೆಯದು ಲಘುವಾದುದು ಎಂಬುದು ಚರಕಸಂಹಿತೆಯ ಮತ. ಆದರೆ ವೈದ್ಯನ ದೃಷ್ಟಿ ಬೇರೆ, ರಸಪರೀಕ್ಷಕನ ದೃಷ್ಟಿ ಬೇರೆ. ವೈದ್ಯನು ಇಂದು ಇದು ದೇಹಕ್ಕೆ ಏನು ಮಾಡುವುದೆಂದು ಕೇಳುವನು. ಪರೀಕ್ಷಕನು ನಾಳೆ ಇದು ಏನಾಗುವುದೆಂದು ಕೇಳುವನು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ರುಚಿಯು ಅವರವರ ನಾಲಗೆಗೆ ಸೇರಿದುದು, ಇಂದಿನ ರುಚಿಗೇ ಪ್ರಮಾಣವಿಲ್ಲದಿರುವಾಗ ನಾಳಿನ ರುಚಿಗೆ ಪ್ರಮಾಣವೆಲ್ಲಿಯದು? ಇದಕ್ಕೆ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು 1757ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಕಥೆಯಿಂದ ಒಂದು ಪ್ರಸಂಗವನ್ನು ಎತ್ತಿ ಉತ್ತರ ಕೊಟ್ಟಿರುವನು. ಇಬ್ಬರು ಬಂಧುಗಳು ಒಂದು ಪೀಪಾಯಿಯ ಮದ್ಯವನ್ನು ಪರೀಕ್ಷಿಸಿದರು. ಒಬ್ಬನು ಒಳ್ಳೆಯದೇ, ಆದರೆ ತೊಗಲಿನ ವಾಸನೆಯಿದೆ ಎಂದನು. ಮತ್ತೊಬ್ಬನು ಒಳ್ಳೆಯದೇ, ಆದರೆ ಕಬ್ಬಿಣದ ರುಚಿಯಿದೆ ಎಂದನು. ಸುತ್ತಲಿದ್ದವರು ಇಬ್ಬರನ್ನೂ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದಕೈಯೊಂದು ಸಿಕ್ಕಿತು! ರುಚಿಯು ನಾಲಗೆಯಲ್ಲಿ ಹುಟ್ಟಿದರೂ ಅದಕ್ಕೆ ಕಾರಣವು ವಸ್ತುವಿನಲ್ಲಿದೆ ಎಂಬುದು ಇದರ ತಾತ್ಪರ್ಯ. ಆಲಂಕಾರಿಕರು ಕಾವ್ಯರಸವನ್ನು ಪಾನಕಕ್ಕೆ ಹೋಲಿಸಿ, ಅದನ್ನು ಚರ್ವಣೆ ಮಾಡಲು ಸಹೃದಯನು ಬೇಕೆಂದುದೂ ಈ ದಾರಿಯಲ್ಲಿಯೇ.

ಆದರೆ ಬೀಗದಕೈಯನ್ನು ಕಂಡ ನಾಲಗೆಯೇ ಮತ್ತೊಂದು ದಿನ ಹೆಸರಿಗೆ ಮೋಸಹೋಗಬಹುದು. 1976ನೆಯ ಮೇ 24ರಂದು ಪ್ಯಾರಿಸ್ಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಸೀಸೆಗಳ ಹೆಸರನ್ನು ಮರೆಮಾಡಿ, ಬೋರ್ಡೋವಿನ ಪ್ರಖ್ಯಾತ ಕೆಂಪು ಮದ್ಯಗಳನ್ನೂ ಅಮೆರಿಕದ ಕ್ಯಾಲಿಫೋರ್ನಿಯದವನ್ನೂ ಫ್ರೆಂಚ್ ಪರೀಕ್ಷಕರ ಮುಂದಿಟ್ಟರು. ಅವರ ಲೆಕ್ಕದಲ್ಲಿಯೇ ಮೊದಲನೆಯ ಸ್ಥಾನವು ಕ್ಯಾಲಿಫೋರ್ನಿಯದ 1973ರ ಮದ್ಯಕ್ಕೆ ಬಂದಿತು. ಆಗ ಫ್ರಾನ್ಸಿನ ಪಕ್ಷದವರು, ತಮ್ಮ ಮದ್ಯಗಳು ಇನ್ನೂ ಎಳೆಯವು, ಮಾಗಿದ ಮೇಲೆ ನೋಡಿರಿ ಎಂದರು. ವಾದವೇನೋ ಯುಕ್ತವಾಗಿಯೇ ಇತ್ತು. ಮೂವತ್ತು ವರ್ಷಗಳಾದ ಮೇಲೆ, 2006ರಲ್ಲಿ, ಅವೇ ಮದ್ಯಗಳನ್ನು ಮತ್ತೆ ಪರೀಕ್ಷಿಸಿದಾಗಲೂ ಮೊದಲನೆಯದು ಕ್ಯಾಲಿಫೋರ್ನಿಯದ್ದೇ ಆಯಿತು. ಆದರೆ ಹಿಂದೆ ಗೆದ್ದದ್ದಲ್ಲ. 1976ರಲ್ಲಿ ಐದನೆಯದಾಗಿದ್ದ, ರಿಡ್ಜ್ ಎಂಬ ತೋಟದ 1971ರ ಮದ್ಯವು ಈ ಸಲ ಎಲ್ಲಕ್ಕಿಂತ ಮುಂದೆ ನಿಂತಿತು.

ಇದರಿಂದ ಪರೀಕ್ಷಕನಿಗೆ ಬೇಕಾದ ಗುಣಗಳು ಮೂರೆಂದು ಸಿದ್ಧವಾಗುವುದು. ಒಂದನೆಯದು ಅನುಭವ: ಮಾಗಿದುದನ್ನು ಸವಿದು, ಅದು ಎಳೆಯದಾಗಿದ್ದಾಗ ಹೇಗಿತ್ತೆಂಬುದನ್ನು ನೆನಪಿಟ್ಟಿರುವುದು. ಇದಿಲ್ಲದವನು ಎಳನೀರಿನ ಸಿಹಿಯನ್ನು ಹೊಗಳಿ ಅಡಿಕೆಯ ಒಗರನ್ನು ತೆಗಳುವನು; ಎಳನೀರು ಕೆತ್ತಿದ ದಿನವೇ ಮುಗಿಯುವುದೆಂದೂ, ಅಡಿಕೆ ವರ್ಷಗಟ್ಟಲೆ ನಿಲ್ಲುವುದೆಂದೂ ಅವನಿಗೆ ತಿಳಿಯದು. ಅಥವಾ ಇದಕ್ಕೆ ಪ್ರತಿಯಾಗಿ, ಒಗರೆಲ್ಲವೂ ಗುಣವೆಂದು ಭ್ರಮಿಸುವನು. ಒಳಗೆ ಸಾರವಿಲ್ಲದ ಮದ್ಯದಲ್ಲಿ ಕಾಲವು ಕಳೆದರೆ ಉಳಿಯುವುದು ಒಗರೊಂದೇ. ಎರಡನೆಯದು ನಿಸ್ಪೃಹತೆ: ಹೆಸರಿಗೂ ಬೆಲೆಗೂ ಸ್ವಂತ ಆಸೆಗೂ ವಶನಾಗದಿರುವುದು. ಮೂರನೆಯದು, ಎಲ್ಲಕ್ಕಿಂತ ದುರ್ಲಭವಾದುದು, ತನ್ನ ತೀರ್ಪಿನ ಮೇಲೆ ತಾರೀಖನ್ನು ಬರೆದಿಡುವ ವಿನಯ. ಐದನೆಯ ಸ್ಥಾನವನ್ನು ಕೊಟ್ಟ ಪರೀಕ್ಷಕರು ಅಂದು ಸುಳ್ಳಾಡಲಿಲ್ಲ. ಆದರೆ ಆ ಸತ್ಯವು ಅಂದಿನದು.

ಈ ಮೂರೂ ಗುಣಗಳು ಪಾಠಶಾಲೆಯಲ್ಲಿಯೂ ಪಡಸಾಲೆಯಲ್ಲಿಯೂ ಬೇಕಾದುವು. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದ ದಿನವೇ ಮಗನು ಆಳುವನೋ ಬಾಳುವನೋ ಎಂದು ನಿಶ್ಚಯಿಸಿಬಿಡುವ ಮನೆಗಳು ಎಷ್ಟಿಲ್ಲ! ಎದುರು ಪ್ರಶ್ನೆ ಕೇಳುವ, ಒಪ್ಪಿಸಿದ ಪಾಠವನ್ನು ಹಾಗೆಯೇ ನುಂಗದ, ಬೆರೆಯದೆ ಮೂಲೆಯಲ್ಲಿ ಕುಳಿತ ಮಕ್ಕಳಲ್ಲಿರುವ ಒಗರನ್ನು ದೋಷವೆಂದು ಬರೆದುಹಾಕುವುದು ಸುಲಭ. ಎಳೆತನದಲ್ಲಿಯೇ ಎಲ್ಲರಿಗೂ ಸಿಹಿಯಾಗಿರುವ ಮಗುವನ್ನು ಮೇಲೆತ್ತಿ ತೋರಿಸುವುದೂ ಅಷ್ಟೇ ಸುಲಭ. ಹಾಗೆಂದು ತೀರ್ಪೇ ಬೇಡವೆನ್ನುವಂತಿಲ್ಲ. ಪರೀಕ್ಷಿಸದ ಉಪಾಧ್ಯಾಯನು ತಿದ್ದಲಾರನು, ಗೊನೆಯನ್ನು ನೋಡದ ತೋಟಗಾರನು ಕೊಯ್ಯಲಾರನು.

ಆದರೆ ಮದ್ಯಕ್ಕೂ ಮಗುವಿಗೂ ಒಂದು ಭೇದವುಂಟು. ಪರೀಕ್ಷಕನು ಏನೆಂದರೂ ಪೀಪಾಯಿಗೆ ಕೇಳಿಸದು. ಹೊಗಳಿಕೆಯಿಂದ ಅದು ಉಬ್ಬದು, ನಿಂದೆಯಿಂದ ಕುಗ್ಗದು. ತನ್ನ ಪಾಡಿಗೆ ತಾನು ನೆಲಮಾಳಿಗೆಯ ಕತ್ತಲಲ್ಲಿ ಮಾಗುತ್ತಿರುವುದು. ಮಗುವು ತನ್ನ ಮೇಲೆ ಹೇಳಿದ ತೀರ್ಪನ್ನು ಕೇಳಿಕೊಳ್ಳುವುದು, ನಂಬುವುದು, ಎಷ್ಟೋ ವೇಳೆ ಅದರಂತೆಯೇ ಆಗಿಬಿಡುವುದು. ಆದುದರಿಂದ ಮದ್ಯದ ಪರೀಕ್ಷಕನಿಗೆ ವಿನಯವು ಅಲಂಕಾರವಾದರೆ, ಮನುಷ್ಯರ ಪರೀಕ್ಷಕನಿಗೆ ಅದು ಧರ್ಮ. ಎಳೆಯರನ್ನು ತೂಗುವವರು ತಮ್ಮ ಮಾತಿನ ಕೊನೆಗೆ ‘ಇಂದಿಗೆ’ ಎಂಬ ಒಂದು ಪದವನ್ನು ಸೇರಿಸುವುದಾದರೆ, ಎಷ್ಟೋ ಮನೆಗಳಲ್ಲಿ ಒಗರು ಮಾಗಿ ಸವಿಯಾಗುವುದಕ್ಕೆ ಬೇಕಾದ ಕಾಲವು ದೊರೆಯುವುದು.