ಬೇಕೆಂದೇ ಚೆಲ್ಲಿದ ಡಾಂಬರು

ಹಳೆಯ ಅಮೆರಿಕನ್ ಕಾರುಗಳನ್ನು ಪ್ರದರ್ಶನ ಸ್ಪರ್ಧೆಗೆ ಸಜ್ಜುಗೊಳಿಸುವವರು ಕಷ್ಟಪಟ್ಟು ಕಲಿಯುವ ವಿದ್ಯೆಯೊಂದಿದೆ: ಒರಟೊರಟಾಗಿ ಬಣ್ಣ ಹೊಡೆಯುವುದು. ಬಾನೆಟ್ಟಿನ ಮೇಲೆ ಒಂದು ಧೂಳಿನ ಕಣವನ್ನೂ ಸಹಿಸದ ಕೈ ಕಾರಿನ ತಳಕ್ಕೆ ಬಂದಾಗ ಬೇಕೆಂದೇ ಅಳತೆ ತಪ್ಪುತ್ತದೆ. ಅರವತ್ತು ವರ್ಷಗಳ ಹಿಂದೆ ಕಾರ್ಖಾನೆಯ ಕೆಲಸಗಾರ ಎಷ್ಟು ತಪ್ಪಿದ್ದನೋ ಅಷ್ಟೇ ತಪ್ಪಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇದು ನಿಷ್ಠೆಯೋ, ನಟನೆಯೋ?

1965ರ ಫೋರ್ಡ್ ಮಸ್ಟಾಂಗ್ ಒಂದರ ಹಿಂಚಕ್ರದ ಗೂಡಿನೊಳಗೆ ತಲೆ ತೂರಿಸಿ ನೋಡಿ. ಕಮಾನಿನ ನಡುವೆ ಡಾಂಬರು ಬೆರೆತ ಕಪ್ಪು ಲೇಪ ದಪ್ಪಗೆ, ಗಂಟುಗಂಟಾಗಿ ಕೂತಿದೆ. ಅಂಚಿನ ಕಡೆ ಬಂದಂತೆ ತೆಳುವಾಗಿ, ಕೊನೆಗೆ ಬರೀ ಚುಕ್ಕಿಗಳಾಗಿ ಕೆಂಗಂದು ಪ್ರೈಮರಿನ ಮೇಲೆ ಚದುರಿಹೋಗಿದೆ. ಬಾಗಿಲ ಕೆಳಗಿನ ಪಟ್ಟಿಯ ಕಡೆಯಿಂದ ಮೈಬಣ್ಣ ಒಂದಿಷ್ಟು ಸಿಡಿದು ಒಳಗೆ ಬಂದಿದೆ. ಇದ್ಯಾವುದೂ ಅಂದಕ್ಕಾಗಿ ಬಳಿದದ್ದಲ್ಲ. ತೆಳು ಉಕ್ಕಿನ ತಗಡು ಓಡುವ ಕಾರಿನಲ್ಲಿ ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಮೆತ್ತನೆಯ ಡಾಂಬರು ಅದಕ್ಕೆ ಅಂಟಿಕೊಂಡರೆ ಕಂಪನದ ಶಕ್ತಿಯಲ್ಲಿ ಒಂದು ಪಾಲು ಅದರೊಳಗೇ ಬಿಸಿಯಾಗಿ ಕಳೆದುಹೋಗುತ್ತದೆ. ಕಾರಿನೊಳಗಿನ ನೆಲಕ್ಕೆ ಡಾಂಬರಿನ ಹಾಳೆಗಳನ್ನು ಹಾಸುತ್ತಿದ್ದದ್ದೂ ಇದಕ್ಕೇ. ಬಣ್ಣ ಒಣಗಿಸುವ ಒಲೆಯ ಶಾಖಕ್ಕೆ ಅವು ಕರಗಿ ತಗಡಿನ ಏರುತಗ್ಗುಗಳಿಗೆ ಕಚ್ಚಿಕೊಳ್ಳುತ್ತಿದ್ದವು. ಮಸ್ಟಾಂಗ್ ಮೊದಲ ಹನ್ನೆರಡು ತಿಂಗಳಲ್ಲೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು. ಜೋಡಣೆಯ ಸಾಲು ನಿಲ್ಲದೆ ಸರಿಯುತ್ತಿರುವಾಗ, ಯಾರೂ ನೋಡದ ಜಾಗದಲ್ಲಿ ಅಂಚು ತಿದ್ದುತ್ತ ಕೂರಲು ಯಾರಿಗೆ ಪುರುಸೊತ್ತು?

ತೊಡಕು ಇರುವುದು ಇಲ್ಲೇ. ಆ ಕೆಲಸಗಾರನ ಕೈ ತಪ್ಪಿದ್ದು ಅವನ ಗಮನ ಅಲ್ಲಿರಲಿಲ್ಲವೆಂದು. ಈಗಿನವನ ಕೈ ತಪ್ಪುವುದು ಇಡೀ ಗಮನ ಅಲ್ಲೇ ಇದೆಯೆಂದು. ಅವನು ಹಳೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡು, ಗಾಳಿಯ ಒತ್ತಡ ಏರಿಸಿ ಇಳಿಸಿ, ರಟ್ಟಿನ ಮೇಲೆ ನಾಲ್ಕು ಸಲ ಹೊಡೆದು ನೋಡಿ, ಆಮೇಲೆ ಕಾರಿಗೆ ಕೈ ಹಚ್ಚುತ್ತಾನೆ. ಕಣ್ಣಿಗೆ ಎರಡೂ ಕಲೆಗಳು ಒಂದೇ. ಆದರೆ ಒಂದು ಆದದ್ದು, ಇನ್ನೊಂದು ಮಾಡಿದ್ದು. ಹಾಗೆಂದು ಮಾಡಿದ್ದೆಲ್ಲ ಮೋಸವೆನ್ನಲು ನಾನು ಒಪ್ಪುವುದಿಲ್ಲ. ರಂಗದ ಮೇಲೆ ಸಾಯುವ ನಟನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ, ಯಾಕೆಂದರೆ ಅದು ನಾಟಕವೆಂದು ನೋಡುವವನಿಗೂ ಗೊತ್ತು. ಕಾರಿನಡಿಯ ಈ ನಾಟಕ ಎಲ್ಲರಿಗೂ ಗೊತ್ತಿದೆಯೇ ಎಂಬುದೇ ಪ್ರಶ್ನೆ.

ಮಸ್ಟಾಂಗ್ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಜನರೆದುರು ಬಂದದ್ದು 1964ರ ಏಪ್ರಿಲ್‌ನಲ್ಲಿ. ಮರುತಿಂಗಳೇ ವೆನಿಸ್‌ನಲ್ಲಿ ಸೇರಿದ ವಾಸ್ತುಶಿಲ್ಪಿಗಳು ಸ್ಮಾರಕಗಳ ಸಂರಕ್ಷಣೆಗೊಂದು ಸನ್ನದು ರೂಪಿಸಿದರು. ಕಳೆದುಹೋದ ಭಾಗಕ್ಕೆ ಹೊಸತನ್ನು ಸೇರಿಸುವಾಗ ಅದು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಗೂ ಸಿಗಬೇಕು ಎನ್ನುತ್ತದೆ ಅದರ ಒಂದು ವಿಧಿ. ರೋಮಿನ ಕೇಂದ್ರೀಯ ಸಂರಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ಚೆಸಾರೆ ಬ್ರಾಂಡಿಯ ಕಾಲದಲ್ಲಿ ಇದಕ್ಕೊಂದು ಕೈಚಳಕವೂ ರೂಪುಗೊಂಡಿತ್ತು: ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುವುದು. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಗೆರೆಗಳು ತಮ್ಮನ್ನು ತಾವೇ ಒಪ್ಪಿಸಿಕೊಳ್ಳುತ್ತವೆ. ಕಾರಿನವರದು ಇದರ ತೀರಾ ಉಲ್ಟಾ ಲೆಕ್ಕ. ತೀರ್ಪುಗಾರ ನೆಲದ ಮೇಲೆ ಮಲಗಿ, ಟಾರ್ಚ್ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೂ ಹೊಸತೆಂದು ತಿಳಿಯಬಾರದು. ತಿಳಿದರೆ ಅಂಕ ಹೋಯಿತು.

ಆದರೂ ಈ ಹುಚ್ಚಿನಲ್ಲಿ ಒಂದು ನಿಜವಾದ ಅರಿವಿದೆ. ಅದನ್ನು ನಾನು ಗೇಲಿ ಮಾಡಲಾರೆ. ಕಾರ್ಖಾನೆಯ ಲೇಪ ಬೀಳುತ್ತಿದ್ದದ್ದು ಬರಿಯ ಬಾಡಿಯ ಮೇಲೆ. ಸ್ಪ್ರಿಂಗು, ಆಕ್ಸಲ್ಲು, ಸೈಲೆನ್ಸರ್ ಕೂರುತ್ತಿದ್ದದ್ದು ಆಮೇಲೆ. ಹಾಗಾಗಿ ಅಲ್ಲಿ ಕಪ್ಪು ಲೇಪ ಬ್ರೇಕಿನ ಪೈಪುಗಳ ಹಿಂದೆ ಇರುತ್ತದೆ, ಮೇಲಲ್ಲ. ಡೀಲರಿನ ಅಂಗಡಿಯಲ್ಲಿ ಹೊಡೆಸಿದ ಲೇಪವಾದರೆ ಪೂರ್ತಿ ಕಾರಿನ ಮೇಲೆಯೇ ಬಿದ್ದದ್ದು. ಪೈಪು, ನಟ್ಟು, ಬೋಲ್ಟೆಲ್ಲ ಒಟ್ಟಿಗೆ ಮೆತ್ತಿಹೋಗಿರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಪದರಗಳಲ್ಲಿ ಉಳಿದಿದೆ. ಕೆಲಸಗಾರನ ಹೆಸರು ಎಲ್ಲೂ ಉಳಿದಿಲ್ಲ, ಅವನ ಕೈ ಹೋದ ದಾರಿ ಮಾತ್ರ ಇದೆ. ಆ ದಾರಿಯನ್ನು ಓದಲು ಕಲಿತವನು ನಕಲು ಮಾಡಿದರೆ ಅದು ಪಾಠವನ್ನು ಮತ್ತೆ ಬರೆದು ಕಲಿತಂತೆ. ನನ್ನ ತಕರಾರು ಇರುವುದು, ಅಸಲು ಕಲೆ ಇನ್ನೂ ಉಳಿದಿರುವಾಗಲೇ ಅದನ್ನು ಕೆರೆದು ‘ಸರಿಯಾದ’ ಕಲೆ ಹಾಕುವವರ ಮೇಲೆ.

ಯಾಕೆಂದರೆ ‘ಸರಿ’ ಎನ್ನುವುದು ಯಾವ ಒಂದು ಕಾರಿಗೂ ಸೇರಿದ್ದಲ್ಲ. 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ಅಳತೆಗೋಲು ಕಾರ್ಖಾನೆಯ ‘ಸಾಮಾನ್ಯ’ ತಯಾರಿಕೆ. ಕಾರ್ಖಾನೆಗಿಂತ ಚೆನ್ನಾಗಿ ಮಾಡಿದರೂ ಅಲ್ಲಿ ಅಂಕ ಕಡಿತ. ಅತಿಯಾದ ಹೊಳಪಿಗೆ ಕಡಿವಾಣ ಹಾಕಿದ್ದು ಒಳ್ಳೆಯದೇ. ಆದರೆ ಒಂದು ದಿನ ಕಾರ್ಖಾನೆಯಲ್ಲಿ ಲೇಪ ಹೊಡೆಯುವ ಗನ್ನಿನ ಮೂತಿ ಕಟ್ಟಿಕೊಂಡು ಒಂದು ಕಾರಿನ ಎಡಗಡೆಗೆ ಲೇಪವೇ ಬೀಳಲಿಲ್ಲವೆಂದುಕೊಳ್ಳಿ. ಆ ಕಾರಿನ ಮಟ್ಟಿಗೆ ಬೋಳು ಎಡಗಡೆಯೇ ಸತ್ಯ. ಮಾಲೀಕ ಅದನ್ನು ಸಾಬೀತು ಮಾಡುವ ತಾಪತ್ರಯ ಬೇಡವೆಂದು ಅಲ್ಲಿಗೂ ಕಪ್ಪು ಹೊಡೆಸಿಬಿಟ್ಟರೆ, ಕಾರು ತನ್ನ ಜಾತಿಯ ಮಾದರಿಯನ್ನು ಹೋಲತೊಡಗುತ್ತದೆ, ತನ್ನನ್ನೇ ಹೋಲುವುದು ಬಿಡುತ್ತದೆ. ಮನುಷ್ಯರ ವಿಷಯದಲ್ಲಿ ನಾವಿದನ್ನು ದಿನವೂ ಮಾಡುತ್ತೇವೆ, ಆ ಮಾತು ಬೇರೆ.

ಕೆರೆಯಲೇಬೇಕಾದ ಸಂದರ್ಭಗಳಿವೆ, ಇಲ್ಲವೆನ್ನುವುದಿಲ್ಲ. ವರ್ಷಗಳು ಕಳೆದಂತೆ ಡಾಂಬರು ಗಟ್ಟಿಯಾಗಿ ಬಿರಿಯುತ್ತದೆ. ಬಿರುಕಿನೊಳಗೆ ಹೊಕ್ಕ ನೀರು ಹೊರಬರುವುದಿಲ್ಲ, ಒಳಗೊಳಗೇ ತಗಡು ತುಕ್ಕು ಹಿಡಿಯುತ್ತದೆ. ತೂತು ಬಿದ್ದ ನೆಲವನ್ನು ಪುರಾವೆಯೆಂದು ಪೂಜಿಸುತ್ತ ಕೂರಲಾಗದು. ಅಂಥಲ್ಲಿ ಫೋಟೋ ತೆಗೆದು, ದಪ್ಪ ಅಳೆದು, ಗಟ್ಟಿಯಿರುವ ಕಡೆ ಅಂಗೈಯಗಲದ ಜಾಗವನ್ನಾದರೂ ಮುಟ್ಟದೆ ಬಿಡಬೇಕು. ಉಳಿದದ್ದನ್ನು ಬೇಕಾದಂತೆ ನಕಲು ಮಾಡಲಿ, ನಕಲೆಂದು ಕಡತದಲ್ಲಿ ಬರೆದಿಡಲಿ.

ಅತಿ ಹೆಚ್ಚು ಬೈಗುಳ ತಿನ್ನುವುದು ಡೀಲರಿನ ಲೇಪ. ಕಾರ್ಖಾನೆಯದಲ್ಲ, ಆದ್ದರಿಂದ ಕಸ. ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪಿಗೆ ಹೆದರಿ, ಕಾರಿನ ಮೊದಲ ಒಡೆಯ ಕೈಯಿಂದ ದುಡ್ಡು ಕೊಟ್ಟು ಹೊಡೆಸಿದ್ದು ಅದು. ಈಗ ಮೈನಸ್ 78 ಡಿಗ್ರಿಯ ಒಣ ಮಂಜುಗಡ್ಡೆಯಿಟ್ಟು, ಪೆಡಸಾದ ಮೇಲೆ ಸುತ್ತಿಗೆಯಿಂದ ತಟ್ಟಿ, ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತಾರೆ. ಅದೃಷ್ಟವಿದ್ದ ಕಡೆ ಅಡಿಯಲ್ಲಿ ಕೆಂಗಂದು ಪ್ರೈಮರು, ಅದರ ಮೇಲೆ ಸಿಡಿದ ಮೈಬಣ್ಣ, ತಪಾಸಣೆಯವನು ಎಳೆದ ಬಳಪದ ಗೀಟು ಎಲ್ಲ ಹಾಗೇ ಸಿಗುತ್ತವೆ. ಕಾರ್ಖಾನೆಯ ಕೆಲಸ ಹೇಗಿತ್ತೆಂಬ ಇವತ್ತಿನ ತಿಳಿವಳಿಕೆಯಲ್ಲಿ ಎಷ್ಟೋ ಭಾಗ ಹೀಗೆ, ಆ ಕಸದ ಅಡಿಯಿಂದಲೇ ಬಂದದ್ದು.